ಎಡಗಡೆಯ ಹಿಂದಿನ ಬಾಗಿಲು

ಏಪ್ರಿಕಾಟ್ ಮರ ಹೂಬಿಟ್ಟ ನಾಲ್ಕನೆಯ ದಿನ, ಸೋಮವಾರ, ಬೆಳಗಿನ ಹತ್ತು ಗಂಟೆ ಇರಬೇಕು, ಬಿಸಿಲು ಆಗಷ್ಟೇ ಅಂಗಳದ ಅರ್ಧಕ್ಕೆ ಬಂದಿತ್ತು, ಪೀಂ ಅಂದಿತು — ಹಕ್ಕಿಯಲ್ಲ, ಆ ಕಪ್ಪು ಕನ್ನಡಕದವನ ಅಂಗೈಯಲ್ಲಿದ್ದ ಬೆಂಕಿಪೊಟ್ಟಣದಷ್ಟು ಯಂತ್ರ, ಅದನ್ನವನು ನನ್ನ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ಒತ್ತಿ ಹಿಡಿದಿದ್ದ, ಪೀಂ, ಒಂದು ಗೇಣು ಕೆಳಗೆ ಇಳಿಸಿದ, ಮತ್ತೆ ಪೀಂ, ಮುಂದಿನ ಬಾಗಿಲಿಗೆ ಹಿಡಿದಾಗ ಸುಮ್ಮನಿತ್ತು, ಬಾನೆಟ್ಟಿಗೆ ಹಿಡಿದಾಗ ಸುಮ್ಮನಿತ್ತು, ಇಲ್ಲಿ ಮಾತ್ರ, ಡಾಕ್ಟರರ ಕೊಳವೆ ಎದೆಯ ಮೇಲೆ ಓಡಾಡಿ ಒಂದು ಕಡೆ ನಿಂತುಬಿಡುತ್ತದಲ್ಲ ಹಾಗೆ, ನಿಂತಾಗಲೇ ಗೊತ್ತಾಗುತ್ತದೆ ಒಳಗೆ ಏನೋ ಇದೆ ಅಂತ — ಅತಾ, ಈ ಬಾಗ್ಲಿಗೆ ಮತ್ತೆ ಬಣ್ಣ ಹೊಡ್ದಿದ್ದಾರೆ, ಅಂದ ಅವನು, ಹಿರಿಯರನ್ನು ಕರೆಯುವ ಹಾಗೆ, ಎರ್ಲಾನ್ ಅಂತ ಹೆಸರು, ರಾಜಧಾನಿಯಿಂದ ಬಂದು ಸರೋವರದ ಸುತ್ತಿನ ಹಳ್ಳಿಹಳ್ಳಿ ತಿರುಗಿ ಕಾರು ಕೊಂಡು ಅಲ್ಲಿಯ ದೊಡ್ಡ ಪೇಟೆಯಲ್ಲಿ ಮಾರುವವನು, ಜಾಹೀರಾತಲ್ಲಿ ನೀವು ಹಾಕಿರೋದೇನು, ಗುದ್ದಿಲ್ಲ, ಬಣ್ಣ ಬಿದ್ದಿಲ್ಲ ಅಂತ ತಾನೆ, ಇದು ಗುದ್ದಿದೆ, ಬಣ್ಣವೂ ಬಿದ್ದಿದೆ, ಗಡ್ಡ ಬೆಳ್ಳಗಾದೋರು ಸುಳ್ಳು ಹಾಕ್ಬಾರ್ದು ಅತಾ. ಕೂಗುವವನ ಕುದುರೆ ನಿಲ್ಲುವುದಿಲ್ಲ ಅಂತ ನನ್ನಪ್ಪ ಹೇಳುತ್ತಿದ್ದ, ಮೂವತ್ತೊಂದು ವರ್ಷ ಸಾಮೂಹಿಕ ಜಮೀನಿನ ಕುದುರೆ ಹಿಂಡು ಕಾಯ್ದವನು ನಾನು, ತೋಳ ಬಂದಾಗಲೂ ಕೂಗಿದವನಲ್ಲ, ಎತ್ತಿದ್ದ ಬಾನೆಟ್ಟು ಮೆಲ್ಲಗೆ ಇಳಿಸಿದೆ, ಚಹಾ ಕಾಸಿದೆ, ಕುಡಿದು ಹೊರಡು ಅಂದೆ. ಅವನು ಚಹಾ ಕುಡಿಯಲಿಲ್ಲ. ಮನೆಗೆ ಬಂದವನು ಚಹಾ ಕುಡಿಯದೆ, ರೊಟ್ಟಿಯ ಚೂರು ಕೂಡ ಮುರಿಯದೆ ಹೋದ, ಅದೂ ಒಂದು ಬೈಗುಳವೇ. ಹೋಗುವಾಗ ಬೆರಳ ಗೆಣ್ಣಿನಿಂದ ಆ ಬಾಗಿಲನ್ನು ಟಕಟಕ ಕುಟ್ಟಿ ಹೋದ, ಕಲ್ಲಂಗಡಿ ಹಣ್ಣನ್ನು ಕುಟ್ಟಿ ನೋಡಿದ ಹಾಗೆ.

ಸುಳ್ಳು ಅಂತೆ. ನನ್ನ ಬಾಯಲ್ಲಿ. ಈ ಊರಿನಲ್ಲಿ ಯಾರದಾದರೂ ಕುದುರೆಯ ವಯಸ್ಸಿನ ಬಗ್ಗೆ ಜಗಳ ಬಂದರೆ ಶರ್ಶೆನನನ್ನು ಕರೆಯಿರಿ ಅನ್ನುತ್ತಾರೆ, ನಾನು ಹೋಗುತ್ತೇನೆ, ತುಟಿ ಎತ್ತಿ ಹಲ್ಲು ನೋಡುತ್ತೇನೆ, ಏಳು ವರ್ಷ ಅಂದರೆ ಏಳು, ಮಾರುವವನೂ ಕೊಳ್ಳುವವನೂ ತುಟಿಪಿಟಕ್ಕೆನ್ನದೆ ಕೈ ಕುಲುಕುತ್ತಾರೆ, ಆ ನಾಲಿಗೆಗೆ ಇವತ್ತು ಬೆಂಕಿಪೊಟ್ಟಣದಷ್ಟು ಯಂತ್ರ ಪೀಂ ಅನ್ನುತ್ತದೆ. ಕಾರಿಗೆ ನಾನು ಹನ್ನೆರಡು ವರ್ಷದಲ್ಲಿ ಏನು ಕಡಿಮೆ ಮಾಡಿದ್ದೆ, ಈ ಪುಟ್ಟ ಜಪಾನಿ ಕಾರು, ಫಿಟ್ಟು ಅಂತ ಹೆಸರು, ಬೆಳ್ಳಿ ಬಣ್ಣ, ಹಿಂದುಗಡೆ ಬಾಗಿಲು ಮೇಲಕ್ಕೆತ್ತಿಕೊಳ್ಳುವುದು, ಚಾಲಕ ಬಲಗಡೆ ಕೂರುವುದು, ಇದು ಹಡಗಿನಲ್ಲಿ ಬಂದಾಗ ಗಾಜಿನ ಮೇಲೆ ಅಂಟಿಸಿದ್ದ ಜಪಾನಿ ಚೀಟಿಯನ್ನು ಕೂಡ ನಾನು ಕಿತ್ತಿಲ್ಲ, ಏನು ಬರೆದಿದೆಯೋ ಗೊತ್ತಿಲ್ಲ, ನನಗೆ ನಮ್ಮ ಅಕ್ಷರವೇ ಕೂಡಿಸಿ ಓದುವಷ್ಟರಲ್ಲಿ ಚಹಾ ಆರುತ್ತದೆ, ಒಳ್ಳೆಯದೇ ಬರೆದಿರಬೇಕು ಅಂತ ಬಿಟ್ಟೆ. ನೆರೆಯವರ ಫಿಟ್ಟುಗಳನ್ನು ನೋಡಿ, ಭಾನುವಾರದ ದನದ ಸಂತೆಗೆ ಹಿಂಬದಿಯಲ್ಲಿ ಮೂರು ಮೂರು ಕುರಿ ತುಂಬಿಕೊಂಡು ಹೋಗುತ್ತವೆ, ಕಿಟಕಿಯಿಂದ ಕುರಿ ಮೂತಿ ಹಾಕಿ ದಾರಿಹೋಕರನ್ನು ನೋಡುತ್ತದೆ, ಆಮೇಲೆ ಆ ವಾಸನೆ ಏಳು ಸಲ ತೊಳೆದರೂ ಹೋಗುವುದಿಲ್ಲ. ನನ್ನದರಲ್ಲಿ ಕುರಿ ಇರಲಿ, ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನಲೂ ಯಾರನ್ನೂ ಬಿಟ್ಟಿಲ್ಲ, ಮೊಮ್ಮಕ್ಕಳು ಬೂಟು ಕೈಯಲ್ಲಿ ಹಿಡಿದುಕೊಂಡು ಹತ್ತುತ್ತವೆ. ಚಳಿಗಾಲದಲ್ಲಿ ಬಾನೆಟ್ಟಿಗೆ ಕುದುರೆಯ ಕಂಬಳಿ ಹೊದಿಸುತ್ತೇನೆ, ಬೆಳಿಗ್ಗೆ ತಾಮ್ರದ ಹೂಜಿಯಲ್ಲಿ ಉಗುರುಬೆಚ್ಚಗಿನ ನೀರು, ಮೊದಲು ಗಾಜು, ಆಮೇಲೆ ಮೈ, ಕೊನೆಗೆ ಗಾಲಿ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದಕ್ಕೆ ಒಂದು ಕ್ರಮ ಇದೆಯಲ್ಲ ಹಾಗೆ. ಮಗ ತಾಲಾಯ್ ಕೇಳಿದ, ಅಪ್ಪ ಒಂದಿನ ನಂಗೆ ಕೊಡಿ ಅಂತ, ಕೊಡಲಿಲ್ಲ. ಯಾರೂ ಮುಟ್ಟಿಲ್ಲ ಅದರ ಸ್ಟೀರಿಂಗ್ ಚಕ್ರವನ್ನು, ನಾನೊಬ್ಬನೇ, ಈಗ ಎಡಗಣ್ಣಿಗೆ ಹಾಲಿನ ಕೆನೆ ಕಟ್ಟಿದೆ, ಆಸ್ಪತ್ರೆಯವರು ಪರವಾನಗಿ ಚೀಟಿಗೆ ಮುದ್ರೆ ಒತ್ತಲಿಲ್ಲ, ಅತಾ ಈ ಸಾಲಿನ ಅಕ್ಷರ ಯಾವುದು ಅಂದರು, ಯಾವ ಸಾಲು ಅಂದೆ, ಅಷ್ಟೇ, ಮುಗಿಯಿತು. ಓಡಿಸದ ಕಾರನ್ನು ಅಂಗಳದಲ್ಲಿ ಕಟ್ಟಿ ಹಾಕುವುದು ಪಾಪ, ಕುದುರೆಯನ್ನಾದರೂ ಹಾಗೆ ಮಾಡುವುದಿಲ್ಲ, ಮಾರುತ್ತೇನೆ ಅಂದೆ, ಆದರೆ ಪೇಟೆಗೆ ಒಯ್ದು ಸಾಲಿನಲ್ಲಿ ನಿಲ್ಲಿಸುವುದಿಲ್ಲ, ನನ್ನ ಅಂಗಳಕ್ಕೆ ಬಂದು ನನ್ನ ಮುಖ ನೋಡಿ ಕೊಳ್ಳುವವನಿಗೆ ಮಾತ್ರ.

ಜಾಹೀರಾತು ಫೋನಿನಲ್ಲಿ ಬರೆದವಳು ಸೊಸೆ ನುರ್ಜಾತ್, ನಾನು ಹೇಳಿದೆ, ಅವಳು ಒತ್ತಿದಳು — ಒಬ್ಬನೇ ಓಡಿಸಿದ್ದು, ಬರಿ, ಗುದ್ದಿಲ್ಲ, ಬರಿ, ಬಣ್ಣ ಬಿದ್ದಿಲ್ಲ, ಬರಿ — ಅಲ್ಲಿಗೆ ಅವಳ ಬೆರಳು ನಿಂತಿತು, ಈಗ ನೆನಪಾಗುತ್ತಿದೆ, ನಿಂತಿತ್ತು, ಅದನ್ನೂ ಹಾಕ್ಬೇಕಾ ಅತಾ ಅಂದಳು, ಎಲ್ರೂ ಹಾಕ್ತಾರೆ, ಯಾರೂ ನಂಬಲ್ಲ. ನನ್ನದನ್ನು ನಂಬುತ್ತಾರೆ ಅಂದೆ. ಅವಳು ತಲೆ ಬಗ್ಗಿಸಿ ಒತ್ತಿದಳು, ಒಲೆಯ ಮೇಲೆ ಹಾಲು ಉಕ್ಕುತ್ತೆ ಅಂತ ಎದ್ದು ಹೋದಳು, ಒಲೆಯ ಮೇಲೆ ಹಾಲು ಇರಲಿಲ್ಲ. ಎರ್ಲಾನ್ ಹೋದ ದಿನ ಮಧ್ಯಾಹ್ನವೇ ಆ ಜಾಹೀರಾತಿನ ಕೆಳಗೆ ಯಾರೋ ಒಂದು ಸಾಲು ಬರೆದಿದ್ದಾರಂತೆ, ನುರ್ಜಾತ್ ಓದಲು ಒಪ್ಪಲಿಲ್ಲ, ತಾಲಾಯ್ ಓದಿದ, ಅಜ್ಜನ ಕಾರು ಚೆನ್ನಾಗಿದೆ, ಅಜ್ಜನ ಮಾತು ಮಾತ್ರ ಎಡಗಡೆ ಹಿಂದೆ ಜಜ್ಜಿದೆ. ಮೂವತ್ತು ಜನ ಅದಕ್ಕೆ ನಕ್ಕಿದ್ದಾರಂತೆ, ನಗುವ ಮುಖ ಒತ್ತುತ್ತಾರಂತೆ, ನನ್ನ ಮುಖ ಕಾಣದವರು ನನ್ನ ಮೇಲೆ ನಗುವ ಮುಖ ಒತ್ತುತ್ತಾರೆ. ಸಂಜೆ ಒಬ್ಬ ಫೋನು ಮಾಡಿದ, ಆ ಬಣ್ಣ ಬಿದ್ದಿರೋ ಫಿಟ್ಟು ಇದೆಯಾ ಅತಾ ಅಂತ, ಇಲ್ಲ ಅಂದೆ, ಅಂಥದ್ದು ಇಲ್ಲ, ಬಣ್ಣ ಬೀಳದ್ದು ಒಂದಿದೆ. ಆತ ಕಿಸಕ್ಕೆಂದ. ರಾತ್ರಿ ಅನ್ನ ಇಳಿಯಲಿಲ್ಲ ಅಂತ ಅಲ್ಲ, ಇಳಿಯಿತು, ಮುದುಕನ ಹೊಟ್ಟೆಗೆ ಮಾನ ಇಲ್ಲ, ಆದರೆ ಎದೆಯಲ್ಲಿ ಸಗಣಿಬೆರಣಿಯ ಕೆಂಡ ಇಟ್ಟ ಹಾಗೆ, ಉರಿ ಕಾಣುವುದಿಲ್ಲ, ಆರುವುದೂ ಇಲ್ಲ.

ಆಗ ಹೊಳೆದದ್ದು ಹುಸೇಯ್. ಬೀದಿಯ ಮೂಲೆಯ ದುಂಗನ್ ಹುಸೇಯ್, ಚೀನಾ ಕಡೆಯಿಂದ ಬಂದ ಮುಸಲ್ಮಾನರ ಪೈಕಿ, ಗೇಟಿಗೂ ಗಾಡಿಗೂ ಕಾರಿಗೂ ಬಣ್ಣ ಹೊಡೆಯುವವನು, ನಲವತ್ತು ವರ್ಷದಿಂದ ಅವನ ಉಗುರಿನ ಸಂದಿಯಲ್ಲಿ ಬೇರೆಯವರ ಕಾರುಗಳ ಬಣ್ಣ ಇದೆ, ಅವನನ್ನು ಕರೆಸುತ್ತೇನೆ, ಅವನು ಈ ಬಾಗಿಲ ಮೇಲೆ ಬೆರಳಾಡಿಸಿ ಇದು ಕಾರ್ಖಾನೆಯ ಬಣ್ಣವೇ ಅಂತ ನಾಲ್ಕು ಜನರೆದುರು ಹೇಳಲಿ, ಯಂತ್ರ ದೊಡ್ಡದೋ ಹುಸೇಯ್‌ನ ಬೆರಳು ದೊಡ್ಡದೋ ನೋಡೇಬಿಡೋಣ. ಮಂಗಳವಾರ ಬೆಳಿಗ್ಗೆ ಬಂದ, ಬರುವಾಗಲೇ ನಿಧಾನ, ಮೆಣಸಿನಕಾಯಿ ಹುಳಿಯ ಒಂದು ಬಾಟಲಿ ಕೈಯಲ್ಲಿ, ಬರಿಗೈಯಲ್ಲಿ ಬರುವವನಲ್ಲ. ಕಾರಿನ ಹತ್ತಿರ ಹೋದ. ಎಡಗಡೆಗೇ ಹೋದ, ನಾನಿನ್ನೂ ಯಾವ ಬಾಗಿಲು ಅಂತ ಹೇಳಿರಲಿಲ್ಲ. ಬೆರಳು ಕೂಡ ಆಡಿಸಲಿಲ್ಲ. ನಿಂತ. ಬೈಕೆ, ಮೊದ್ಲು ಕೂತ್ಕೊಳ್ಳಿ, ಅಂದ, ನನ್ನನ್ನವನು ಅಣ್ಣ ಅನ್ನುವ ಹಾಗೆ ಬೈಕೆ ಅನ್ನುತ್ತಾನೆ. ನಾನು ಕೂರುವುದಿಲ್ಲ ಅಂದೆ, ನೋಡು, ಹೇಳು, ಇದು ಯಾರ ಬಣ್ಣ. ನನ್ ಬಣ್ಣ ಬೈಕೆ, ಅಂದ. ಏಪ್ರಿಕಾಟ್ ಮರದಲ್ಲಿ ಜೇನ್ನೊಣಗಳು ಗುಂಯ್ ಅನ್ನುತ್ತಿದ್ದವು. ನಿನ್ನ ಬಣ್ಣ ಅಂದ್ರೆ. ನಾನೇ ಹೊಡ್ದಿದ್ದು, ಆರು ವರ್ಷ ಆಯ್ತು, ನೀವು ಮೇಲೆ ಹುಲ್ಲುಗಾವಲಿಗೆ ಹೋಗಿದ್ರಲ್ಲ, ಮರಿ ಹಾಕೋ ಕುದುರೆ ನೋಡ್ಕೊಳ್ಳೋಕೆ, ಆವಾಗ. ಯಾರು ತಂದ್ರು ನಿನ್ನ ಹತ್ರ, ತಾಲಾಯಾ. ಇಲ್ಲ. ಮತ್ಯಾರು. ಕುಲಿಪಾ ಅಪಾ. ಏನು ತಂದ್ಲು ಅವಳು. ಕಾರನ್ನ, ಬೈಕೆ, ಅವ್ರೇ ಓಡಿಸ್ಕೊಂಡ್ ಬಂದ್ರು.

ಕುಲಿಪಾ. ನನ್ನ ಹೆಂಡತಿ. ಹೋದ ಶರತ್ಕಾಲ ಆಲೂಗಡ್ಡೆ ಅಗೆಯುವ ವಾರದಲ್ಲಿ ಮಣ್ಣಾದವಳು. ನಲವತ್ತಾರು ವರ್ಷ ನನ್ನ ಪಕ್ಕದಲ್ಲಿ ಮಲಗಿದವಳು, ಹನ್ನೆರಡು ವರ್ಷ ಈ ಕಾರಿನ ಎಡಗಡೆಯ ಮುಂದಿನ ಸೀಟಿನಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತವಳು, ನಿಧಾನ ಹೋಗಿ ಅನ್ನದವಳು, ಬೇಗ ಹೋಗಿ ಅನ್ನದವಳು, ಅವಳು ಓಡಿಸಿಕೊಂಡು ಹೋದಳಂತೆ. ನಾನು ಹುಸೇಯ್‌ಗೆ ಅಂದೆ, ನೀನು ಮುದುಕನನ್ನು ಆಡಿಸುತ್ತಿದ್ದೀಯ. ಅವನು ಕಟ್ಟೆಗೆ ಕೂತು ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡ, ರೊಟ್ಟಿ ಮೇಲೆ ಕೈ ಇಡ್ಸಿ ಮಾತು ತಗೊಂಡ್ರು ಬೈಕೆ, ಯಾರ್ಗೂ ಹೇಳ್ಬೇಡ ಅಂತ. ಮತ್ತೆ ಈಗ್ಯಾಕೆ ಹೇಳ್ದೆ. ನೀವೇ ಕರ್ಸಿ ಕೇಳಿದ್ರಿ, ಅಪಾ ಹೇಳ್ಬೇಡ ಅಂದ್ರು ಅಷ್ಟೆ, ಸುಳ್ಳು ಹೇಳು ಅನ್ಲಿಲ್ಲ. ಆಹಾ, ನೋಡಿ ಇವನ ನ್ಯಾಯ, ಆರು ವರ್ಷ ದಿನಾ ಎದುರಾಗಿ ಸಲಾಂ ಮಾಡಿದವನು, ನನ್ನ ಮೊಮ್ಮಗನ ತೊಟ್ಟಿಲ ಹಬ್ಬದಲ್ಲಿ ನನ್ನ ಪಕ್ಕ ಕೂತು ಕುದುರೆಮಾಂಸ ತಿಂದವನು, ತಿನ್ನುತ್ತ ತಿನ್ನುತ್ತ ಒಳಗೆ ಇದನ್ನು ಇಟ್ಟುಕೊಂಡಿದ್ದ. ಅವನ ಮನೆಯ ಮಂಚದ ಮೇಲಿರುವ ಚೂರುಬಟ್ಟೆಯ ಕೌದಿ, ಕೆಂಪು ಹಸಿರು ತ್ರಿಕೋನಗಳದ್ದು, ಕುಲಿಪಾ ಹೊಲಿದದ್ದು, ಒಂದು ಚಳಿಗಾಲವಿಡೀ ಹೊಲಿದಳು, ಯಾರಿಗೆ ಅಂದಾಗ ಹುಸೇಯ್‌ನ ಮಗಳ ಮದುವೆಗೆ ಅಂದಳು, ಹುಸೇಯ್‌ನ ಮಗಳು ಮದುವೆಯಾಗಿ ಮೂರು ವರ್ಷವಾಯ್ತಲ್ಲೇ ಅಂದೆ, ಹಾಗಾದ್ರೆ ಮೊಮ್ಮಗುವಿಗೆ ಅಂದಳು, ನಾನು ತಲೆಯಾಡಿಸಿದೆ. ಬಾಗಿಲಿನ ಕೂಲಿ ಅದು. ನಾನು ತಲೆಯಾಡಿಸಿದೆ. ಎಲ್ಲಿ ಗುದ್ದಿದ್ಲು, ಅಂತ ಕೇಳಿದೆ. ಹುಸೇಯ್‌ನ ಕಣ್ಣು ಹೋಯಿತು, ತಡೆಯಲಾಗದೆ ಹೋಯಿತು, ಗೇಟಿನ ಕಡೆಗೆ, ಎಡಗಡೆಯ ಕಂಬದ ಕಡೆಗೆ, ಅದರ ಬುಡದಲ್ಲಿ ನಿಂತಿರುವ ಹೋದ ವರ್ಷದ ಒಣ ಕಡ್ಡಿಗಳ ಕಡೆಗೆ.

ಆ ಕಡ್ಡಿಗಳು. ದಾಸವಾಳದ ಜಾತಿಯ ಗಿಡ ಅದು, ಗುಲ್ಕಾಯಿರ್ ಅನ್ನುತ್ತಾರೆ ನಮ್ಮಲ್ಲಿ, ಬೇಸಿಗೆಯಲ್ಲಿ ಆಳೆತ್ತರ ಬೆಳೆದು ಉದ್ದಕ್ಕೂ ಗುಲಾಬಿ ಹೂ ಬಿಡುತ್ತದೆ, ಆರು ವರ್ಷದ ಹಿಂದೆ ಕುಲಿಪಾ ಅದನ್ನು ತಂದು ನೆಟ್ಟದ್ದು ಹೂದೋಟದಲ್ಲಲ್ಲ, ಕಿಟಕಿಯ ಕೆಳಗಲ್ಲ, ಗೇಟಿನ ಕಂಬದ ಒಳಮಗ್ಗುಲಲ್ಲಿ, ಕಾರು ಹೋಗುವ ದಾರಿಯಲ್ಲಿ. ಪ್ರತಿ ಬೇಸಿಗೆ ನಾನು ಗೊಣಗಿದ್ದೇನೆ, ಕನ್ನಡಿಗೆ ತಾಗುತ್ತದೆ, ಬಾಗಿಲಿಗೆ ಉಜ್ಜುತ್ತದೆ, ಈ ಜಗತ್ತಿನಲ್ಲಿ ನಿನಗೆ ಬೇರೆ ಜಾಗ ಸಿಗಲಿಲ್ಲವಾ. ಅದಕ್ಕೆ ಆ ಜಾಗವೇ ಇಷ್ಟ ಅನ್ನುವಳು. ಚಳಿಗಾಲದಲ್ಲಿ ಒಣಗಿದ ಕಡ್ಡಿ ಕೂಡ ಕೀಳಲು ಬಿಡಲಿಲ್ಲ, ಹೊಸತು ಏಳೋವರೆಗೂ ಹಳೆಯದು ಇರ್ಲಿ, ಬೇರಿಗೆ ಬೆಚ್ಚಗೆ ಅನ್ನುವಳು. ನವ್ರೋಜ್ ಹಬ್ಬಕ್ಕೆ ನಾನು ಗೇಟಿಗೆಲ್ಲ ನೀಲಿ ಬಣ್ಣ ಹೊಡೆದಾಗ ಆ ಕಂಬಕ್ಕೆ ಮಾತ್ರ ಹೊಡೆಯಗೊಡಲಿಲ್ಲ, ಗಿಡಕ್ಕೆ ವಿಷ ಬೀಳುತ್ತೆ ಅಂದಳು, ಹಾಗಾಗಿ ನಮ್ಮದು ಒಂದು ಕಂಬ ನೀಲಿ, ಒಂದು ಕಂಬ ಹಳೆಯ ಹಸಿರು, ಬೀದಿಯವರು ಶರ್ಶೆನನ ಎರಡು ಬಣ್ಣದ ಗೇಟು ಅನ್ನುತ್ತಾರೆ, ಟಪಾಲಿನವಳಿಗೆ ಅದೇ ಗುರುತು. ಹುಸೇಯ್ ಹೋದ ಮೇಲೆ ನಾನು ಹೋಗಿ ಕಡ್ಡಿಗಳನ್ನು ಕೈಯಿಂದ ಸರಿಸಿದೆ, ಕಟಕಟ ಮುರಿದವು, ಬಗ್ಗಿದೆ, ಬಲಗಣ್ಣು ಹತ್ತಿರ ಒಯ್ದೆ — ಮೊಳಕಾಲೆತ್ತರದಲ್ಲಿ ಕಬ್ಬಿಣದ ಕೊಳವೆ ಒಂದು ಅಂಗೈಯಷ್ಟು ಒಳಗೆ ಹೋಗಿದೆ, ಆ ತಗ್ಗಿನ ಮೇಲೆ ಅಡ್ಡಕ್ಕೆ ಒಂದು ಗೇಣು ಉದ್ದ, ಹಸಿರಿನ ಮೇಲೆ ಬೆಳ್ಳಿಯ ಗೆರೆ.

ಊರಿಗೆಲ್ಲ ಗೊತ್ತು. ಇದು ನನಗೆ ಕೊನೆಗೆ ಗೊತ್ತಾದದ್ದು, ನುರ್ಜಾತಳನ್ನು ಕೂರಿಸಿ ಕೇಳಿದಾಗ, ಅವಳು ಸೆರಗಿನಂತೆ ತಲೆವಸ್ತ್ರದ ತುದಿ ಬೆರಳಿಗೆ ಸುತ್ತುತ್ತ ಸುತ್ತುತ್ತ ಹೇಳಿದಳು, ಎರಡು ವಸಂತ ಅತಾ, ನೀವು ಮೇಲೆ ಹೋದಾಗೆಲ್ಲ ನಲವತ್ತು ನಲವತ್ತು ದಿನ, ಅತ್ತೆ ಬೆಳಿಗ್ಗೆ ಹಾಲು ಕರೆದಾದ್ಮೇಲೆ ಓಡಿಸ್ತಿದ್ರು, ಮೊದ್ಲು ಅಂಗಳದಲ್ಲಿ, ಆಮೇಲೆ ಬೀದೀಲಿ, ಆಮೇಲೆ ಬಾತ್ಮಾ ಚಿಕ್ಕಮ್ಮನ ಊರಿಗೆ, ಒಂದ್ಸಲ ಸರೋವರದವರೆಗೂ ಹೋಗಿ ಬಂದ್ರು. ಯಾರು ಕಲಿಸಿದ್ರು. ಇವ್ರು. ಇವರು ಅಂದರೆ ನನ್ನ ಮಗ ತಾಲಾಯ್, ಅಪ್ಪ ಒಂದಿನ ಕೊಡಿ ಅಂದಾಗ ಕೊಡದ ಆ ಮಗ. ಒಂದು ವಸಂತ ಮೇಲಿಂದ ಇಳಿದು ಬಂದಾಗ ಪೆಟ್ರೋಲ್ ಮುಳ್ಳು ಕೆಳಗಿತ್ತು, ನಾನು ತಾಲಾಯ್‌ನನ್ನು ಬೀದಿಯಲ್ಲಿ ನಿಲ್ಲಿಸಿ ಕಳ್ಳ ಅಂದೆ, ಕೊಳವೆ ಹಾಕಿ ಹೀರಿದ್ದೀಯ ಅಂದೆ, ಮೂವತ್ತು ದಾಟಿದ ಗಂಡಸು, ತಲೆ ತಗ್ಗಿಸಿ ಹೌದಪ್ಪ ಅಂದ. ಕುಲಿಪಾ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಇಬ್ಬರೂ ಸೇರಿ. ಎಲ್ಲರೂ ಸೇರಿ. ಎದುರುಮನೆಯ ಬೆಂಚಿನ ಮುದುಕಿಯರು, ನಾನು ಕಾರು ತೊಳೆಯುವಾಗ ತೊಳೀರಿ ತೊಳೀರಿ ಶರ್ಶೆನ್, ಯಾರ ಕಾಲಿಗೆ ಧೂಳು ತಾಗ್ಬಾರ್ದು ಅಂತ ಇಷ್ಟು ತೊಳೀತೀರಿ ಅಂತ ಒಬ್ಬರ ಭುಜಕ್ಕೆ ಒಬ್ಬರು ಬಿದ್ದು ನಗುತ್ತಿದ್ದರು, ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ. ಟಪಾಲಿನವಳಿಗೆ ಗೊತ್ತು. ಮಸೀದಿಯ ಮುಲ್ಲಾನಿಗೂ ಗೊತ್ತಿರಬೇಕು. ಕುದುರೆ ಹಿಂಡಿನಲ್ಲಿ ಒಂದು ಕುಂಟಿದರೆ ಅರ್ಧ ಹರದಾರಿ ದೂರದಿಂದ ಹೆಜ್ಜೆ ಸದ್ದಿನಲ್ಲೇ ಹೇಳುತ್ತಿದ್ದವನು ನಾನು, ನನ್ನ ಅಂಗಳದಲ್ಲಿ, ನನ್ನ ಹೂಜಿಯ ನೀರು ದಿನಾ ಬೀಳುವ ಬಾಗಿಲಿನಲ್ಲಿ. ಕೈಯಿಂದ ಒರೆಸಿದ್ದೇನೆ ಅದನ್ನು, ಎಷ್ಟು ಸಾವಿರ ಸಲ.

ಯಾಕೆ ಹೇಳಲಿಲ್ಲ ಅಂತ ನುರ್ಜಾತಳನ್ನು ಕೇಳಲಿಲ್ಲ, ಅದು ಸೊಸೆಯನ್ನು ಕೇಳುವ ಮಾತಲ್ಲ, ಅದನ್ನು ಕೇಳಬೇಕಾದವಳು ಗುಡ್ಡದ ಇಳಿಜಾರಿನಲ್ಲಿ ಮಲಗಿದ್ದಾಳೆ, ಅವಳ ಮೇಲೂ ಸಿಟ್ಟು, ಹೌದು, ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ, ಸತ್ತವರು ಇಂಥದ್ದು ಬಿಟ್ಟು ಹೋಗಬಾರದು ಅಂತ ಯಾಕೆ ಯಾರೂ ಅನ್ನುವುದಿಲ್ಲ. ಕುಲಿಪಾ, ನೀನು ದುಂಗನ್‌ಗೆ ಹೇಳಿದೆ, ಮಗನಿಗೆ ಹೇಳಿದೆ, ಬೆಂಚಿನ ಮುದುಕಿಯರಿಗೆ ತೋರಿಸಿದೆ, ನನಗೆ ಗುಲ್ಕಾಯಿರ್ ನೆಟ್ಟೆ. ಆದರೆ — ಈ ಆದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತದೆ — ಕಾರು ಬಂದ ಮೊದಲ ಬೇಸಿಗೆ, ಸರೋವರದ ದಂಡೆಯಲ್ಲಿ ನಿಲ್ಲಿಸಿ ಹೊಗೆಯಾಡಿಸಿದ ಮೀನು ಬಿಡಿಸುತ್ತಿದ್ದೆವು, ಅವಳು ಬೆರಳು ಒರೆಸಿಕೊಂಡು ಕೇಳಿದಳು, ಇದನ್ನ ಓಡ್ಸೋದು ಕಷ್ಟನಾ. ಕುದುರೆಗಿಂತ ಸುಲಭ, ಅಂದೆ, ಆದ್ರೆ ನಿನಗಲ್ಲ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಎರಡು ವಾರ ಕಳೆದು ನನ್ನ ತಮ್ಮನ ಮಗನ ಮದುವೆಯಲ್ಲಿ, ನಲವತ್ತು ಜನ ಕೂತ ಹಾಸಿನ ಮುಂದೆ ಅದನ್ನು ಎತ್ತಿದೆ, ನಮ್ಮ ಮುದುಕಿಗೆ ಜಪಾನಿಯ ಬೆನ್ನು ಹತ್ತೋ ಆಸೆ ಬಂದಿದೆ, ಕಾಲು ಎಟುಕೋಕೆ ಏಣಿ ತರಿಸ್ಬೇಕು. ಎಲ್ಲರೂ ನಕ್ಕರು. ಅವಳು ಚಹಾ ಬಗ್ಗಿಸುತ್ತಿದ್ದಳು, ಅವಳೂ ನಕ್ಕಳು, ಬಟ್ಟಲು ತುಂಬಲಿಲ್ಲ, ಚೆಲ್ಲಲಿಲ್ಲ. ಆಮೇಲೆ ಪ್ರತಿ ಮದುವೆಯಲ್ಲೂ ಅದೇ ಮಾತು, ಜನ ಕೇಳಿ ಹೇಳಿಸುತ್ತಿದ್ದರು. ಯಾರಿಗೆ ಹೇಳಿದೆ ನಾನು ಆ ಮಾತನ್ನು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಬ್ಬದ ಬಯಲಿನಲ್ಲಿ ಹುಡುಗ ಹುಡುಗಿಯರ ಕುದುರೆ ಓಟ, ಹುಡುಗ ಮುಂದೆ ಓಡಬೇಕು, ಹುಡುಗಿ ಹಿಡಿದರೆ ಚಾಟಿಯಲ್ಲಿ ಬಾರಿಸಬೇಕು, ಕಂದು ಕುದುರೆಯ ಮೇಲೆ ಅವಳು ನನ್ನನ್ನು ಹಿಡಿದಳು, ಮೂರು ಸಲ ಹಿಡಿದಳು, ಬೆನ್ನಿನ ಬರೆ ಹುಲ್ಲು ಕೊಯ್ಲಿನವರೆಗೂ ಮಾಸಲಿಲ್ಲ, ಆ ಬರೆಗೇ ಅಲ್ಲವೇ ನಾನು ಅವಳ ಅಪ್ಪನ ಡೇರೆಗೆ ಹೆಣ್ಣು ಕೇಳಲು ಹೋದದ್ದು. ಅವಳ ಕಾಲು ರಿಕಾಪಿಗೆ ಎಟುಕುತ್ತಿತ್ತು. ಏಣಿ ಅಂದೆ. ಏಣಿ.

ಮತ್ತೆ ಆ ದಿಂಬು. ದಪ್ಪ, ಉಣ್ಣೆ ತುಂಬಿದ್ದು, ಕಪ್ಪು ಮಖಮಲ್ಲು, ಅದನ್ನೂ ಅವಳು ಕದ್ದು ಓಡಿಸುತ್ತಿದ್ದ ಕಾಲಕ್ಕೇ ಹೊಲಿದಳು, ತನ್ನ ಸೀಟಿಗೆ, ಬೆನ್ನು ನೋವು ಅಂತ, ಅದರ ಮೇಲೆ ಕೂತರೆ ತಲೆವಸ್ತ್ರ ಕಾರಿನ ಮಾಡಿಗೆ ತಾಗುತ್ತಿತ್ತು, ಒಂಟೆ ಮೇಲೆ ಕೂತ ಹಾಗೆ ಕೂರ್ತೀಯಲ್ಲೇ, ಇಷ್ಟು ದಪ್ಪ ಯಾಕೆ ಅಂದರೆ ಉಣ್ಣೆ ಕೂತ್ಕೊಳ್ಳುತ್ತೆ ಬಿಡಿ, ಆಮೇಲೆ ಸರಿಯಾಗುತ್ತೆ ಅಂದಳು. ಸರಿಯಾಗಲಿಲ್ಲ. ಅದು ಚಕ್ರದ ಹಿಂದಿನ, ತಗ್ಗಾದ ಬಲಗಡೆಯ ಸೀಟಿಗೆ ಅಳತೆ ಮಾಡಿದ್ದು. ಬುಧವಾರ ಇಡೀ ದಿನ ಆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ, ಫೋನು ಬಂದರೆ ಎತ್ತಲಿಲ್ಲ. ಕುದುರೆ ಮಾರಿದವನು ಮೋರೆಹಗ್ಗ ಕೊಡುವುದಿಲ್ಲ, ಅದು ನಮ್ಮ ಹಿರಿಯರ ಕಟ್ಟಳೆ, ಕುದುರೆ ಹೋಗಲಿ, ಹಗ್ಗ ಬಿಚ್ಚಿ ಮನೆಯ ಗೂಟಕ್ಕೆ ನೇತುಹಾಕಬೇಕು, ಇಲ್ಲದಿದ್ದರೆ ಆ ಕುದುರೆಯ ಜೊತೆ ಮನೆಯ ಭಾಗ್ಯವೂ ನಡೆದು ಹೋಗುತ್ತದೆ. ಇದು ಹಗ್ಗ, ಈ ದಿಂಬು, ಅಂತ ತೀರ್ಮಾನಿಸಿದೆ, ಕಾರು ಯಾರಿಗೆ ಬೇಕಾದರೂ ಹೋಗಲಿ. ಸಂಜೆ ನುರ್ಜಾತಳಿಗೆ ಹೇಳಿದೆ, ಆ ಜಾಹೀರಾತಿನ ಎರಡು ಸಾಲು ಅಳಿಸು, ಒಬ್ಬನೇ ಓಡಿಸಿದ್ದು ಅನ್ನೋದು, ಬಣ್ಣ ಬಿದ್ದಿಲ್ಲ ಅನ್ನೋದು. ಗುದ್ದಿಲ್ಲ ಅನ್ನೋದು ಅತಾ, ಅಂದಳು. ಅದನ್ನೂ.

ಗುರುವಾರ ಬಂದವಳು ಅನಿಪಾ, ಪಕ್ಕದ ಊರಿನ ಸೂಲಗಿತ್ತಿ ನರ್ಸು, ನಲವತ್ತರ ಆಸುಪಾಸು, ಗುಬ್ಬಿಯಂಥ ಹೆಂಗಸು, ಒಬ್ಬಳೇ ಬಂದಳು, ಯಂತ್ರ ತರಲಿಲ್ಲ, ಗಂಡಸರನ್ನೂ ತರಲಿಲ್ಲ. ಪ್ರತಿ ಗುರುವಾರ, ನಮ್ಮಲ್ಲಿ, ಸತ್ತವರಿಗೆ ಕರಿದ ಎಣ್ಣೆಯ ವಾಸನೆ ಮುಟ್ಟಿಸಬೇಕು, ಒಳಗೆ ನುರ್ಜಾತ್ ಬಾಣಲೆಯಲ್ಲಿ ಬೋರ್ಸೊಕ್ ಹಿಟ್ಟಿನುಂಡೆ ಕರಿಯುತ್ತಿದ್ದಳು, ವಾಸನೆ ಅಂಗಳ ದಾಟಿ ಬೀದಿಗೆ ಹೋಗುತ್ತಿತ್ತು, ಎದುರಿನ ಬೆಂಚಿನಲ್ಲಿ ಮುದುಕಿಯರು ಮೂವರೂ ಇದ್ದರು, ಇರಲಿ, ಇರಬೇಕು ಅಂತಲೇ ನಾನು ಗೇಟನ್ನು ಪೂರ್ತಿ ತೆರೆದಿಟ್ಟಿದ್ದೆ. ಅನಿಪಾ ಬಾನೆಟ್ಟಿನ ಕಡೆ ಹೋಗುತ್ತಿದ್ದಳು, ನಾನು ತಡೆದೆ, ಈ ಕಡೆ ಬಾ ಮಗಳೇ ಅಂದೆ, ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಅಂಗೈ ಇಟ್ಟೆ, ಕೂಗುವವನಲ್ಲ ನಾನು, ಆದರೆ ಬೆಂಚಿಗೆ ಕೇಳಿಸುವಷ್ಟು ಹೇಳಿದೆ, ಇದು ಗುದ್ದಿದೆ. ಇದಕ್ಕೆ ಬಣ್ಣ ಬಿದ್ದಿದೆ. ಗುದ್ದಿದ್ದು ನನ್ನ ಹೆಂಡತಿ ಕುಲಿಪಾ, ಆ ಕಂಬಕ್ಕೆ. ಬೆಂಚಿನ ಕಡೆ ಬೀಜ ಬಿಡಿಸುವ ಚಟಚಟ ನಿಂತಿತು. ಅನಿಪಾ ಬಾಗಿಲು ನೋಡಲಿಲ್ಲ, ಕಂಬ ನೋಡಿದಳು, ಆಮೇಲೆ ನನ್ನನ್ನು, ಏನೋ ಒಂದು ಕೇಳಬೇಕಲ್ಲ ಅಂತ ಕೇಳಿದ ಹಾಗೆ ಕೇಳಿದಳು, ಹೆಂಗೆ ಓಡಿಸ್ತಿದ್ರು ಅವ್ರು.

ಹೇಗೆ ಓಡಿಸುತ್ತಿದ್ದಳು. ಹುಸೇಯ್‌ಗೆ ಗೊತ್ತು, ತಾಲಾಯ್‌ಗೆ ಗೊತ್ತು, ಆ ಮೂವರು ಮುದುಕಿಯರು ಕೈಯೆತ್ತಿ ತೋರಿಸಬಲ್ಲರು, ಚಕ್ರವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದಳೋ, ಮುಂದಕ್ಕೆ ಬಾಗುತ್ತಿದ್ದಳೋ, ತಿರುವಿನಲ್ಲಿ ತುಟಿ ಕಚ್ಚುತ್ತಿದ್ದಳೋ, ಕಂದು ಕುದುರೆಯ ಮೇಲೆ ಹಾಗೆ ಕಚ್ಚುತ್ತಿದ್ದಳು, ಅದು ನನಗೆ ಗೊತ್ತು, ಅದು ಮಾತ್ರ. ನಂಗೊತ್ತಿಲ್ಲ ಮಗಳೇ, ಅಂದೆ. ನಾನು ನೋಡಿಲ್ಲ. ಅವಳು ಚಹಾ ಕುಡಿದಳು, ಬೋರ್ಸೊಕ್ ಎರಡು ತಿಂದು ಸತ್ತವರ ಹೆಸರಿನಲ್ಲಿ ಮುಖದ ಮೇಲೆ ಅಂಗೈ ಆಡಿಸಿಕೊಂಡಳು, ತನಗೆ ಕೈಲಾಗುವುದು ಇಷ್ಟು ಅಂದಳು, ನಾನು ಅದಕ್ಕಿಂತ ಒಂದು ಹೆಜ್ಜೆ ಕೆಳಗೆ ಹೇಳಿದೆ, ಬಣ್ಣ ಬಿದ್ದದ್ದಕ್ಕೆ, ಕೈ ಕುಲುಕಿದೆವು. ಬಲಗಡೆ ಹತ್ತಿ ಕೂತಳು. ಕೂತರೆ ಚಕ್ರದ ಮೇಲೆ ಹಣೆ ಮಾತ್ರ ಕಾಣುತ್ತದೆ. ಸೀಟು ಮುಂದೆ ಎಳೆದಳು, ಕತ್ತು ಉದ್ದ ಮಾಡಿದಳು, ನನ್ನ ಕಂಕುಳಲ್ಲಿದ್ದ ದಿಂಬನ್ನು ನೋಡಿದಳು, ಅತಾ, ಅದನ್ನ ಕೊಡ್ತೀರಾ. ಇದು ಹಗ್ಗ, ಅಂದೆ. ಅವಳಿಗೆ ಅರ್ಥವಾಯಿತು, ನಮ್ಮವರೇ ಅಲ್ಲವೇ, ಸರಿ ಹಂಗಾದ್ರೆ, ಊರಲ್ಲಿ ಒಂದು ಹೊಲ್ಕೋತೀನಿ ಅಂದಳು, ಕತ್ತು ಇನ್ನಷ್ಟು ಉದ್ದ ಮಾಡಿ ಚಾಲೂ ಮಾಡಿದಳು, ಇವಳು ಹಿಂದಕ್ಕೆ ತೆಗೆಯಬೇಕು, ಹಿಂದಿನ ಗಾಜಿನಲ್ಲಿ ಇವಳಿಗೆ ಏಪ್ರಿಕಾಟ್ ಮರದ ತುದಿ ಬಿಟ್ಟು ಬೇರೇನೂ ಕಾಣುವುದಿಲ್ಲ, ಎಡಗಡೆ ಕಂಬ ಇದೆ. ಒಂದು ಸಲ ಬಿದ್ದ ಬಣ್ಣ ಸಾಕು. ನಿಲ್ಲು, ಅಂದೆ. ಏಳು, ಅಂದೆ. ಬಾಗಿಲು ತೆರೆದು ದಿಂಬು ಸೀಟಿನ ಮೇಲಿಟ್ಟೆ, ಮಖಮಲ್ಲಿನ ಸುಕ್ಕು ಅಂಗೈಯಲ್ಲಿ ಸರಿಮಾಡಿದೆ, ಕೂತಳು, ತಲೆವಸ್ತ್ರ ಮಾಡಿಗೆ ತಾಗಲಿಲ್ಲ, ಎಷ್ಟು ಬೇಕೋ ಅಷ್ಟೇ ಇತ್ತು ಎತ್ತರ.

ಅಂಗೈ ಎತ್ತಿ ಹರಸಿದೆ, ಓಮಿನ್ ಅಂದೆ, ಬೆಂಚಿನವರೂ ಕೂತಲ್ಲೇ ಮುಖ ಸವರಿಕೊಂಡರು. ಕಾರು ಹಿಂದಕ್ಕೆ ಹೊರಟಿತು, ಕಂಬದ ಹತ್ತಿರ ನಿಧಾನವಾಯಿತು, ಒಂದು ಕೈ ಅಗಲ ಬಿಟ್ಟು ದಾಟಿತು, ಬೀದಿಯಲ್ಲಿ ತಿರುಗಿತು, ನನ್ನ ಕಡೆಗೆ ಎಡಗಣ್ಣು ಇತ್ತು, ಕೆನೆಯ ಹಿಂದೆ ಬೆಳ್ಳಿಯದೊಂದು ಮೋಡ, ಅದರೊಳಗೆ ಚಕ್ರದ ಮೇಲೆ ಒಂದು ತಲೆವಸ್ತ್ರ, ಹೂವಿನದೋ ಸಾದಾದೋ ಗೊತ್ತಾಗಲಿಲ್ಲ, ಬಲಗಣ್ಣು ತಿರುಗಿಸುವಷ್ಟರಲ್ಲಿ ಹೋಗಿತ್ತು. ಹೇಳಬಹುದಿತ್ತಲ್ಲ ಕುಲಿಪಾ. ಒಂದು ಸಲ. ಬೈಯುತ್ತಿದ್ದೆ, ಹೌದು, ಬೈಯುತ್ತಿದ್ದೆ, ಮೂರು ದಿನ ಮಾತು ಬಿಡುತ್ತಿದ್ದೆ, ನಾಲ್ಕನೆಯ ದಿನ — ನಾಲ್ಕನೆಯ ದಿನ ಪಕ್ಕದಲ್ಲಿ ಕೂತು ನೋಡುತ್ತಿದ್ದೆನೋ ಏನೋ, ಎಡಗಡೆಯ ಸೀಟಿನಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು. ತಾಲಾಯ್ ಸಂಜೆ ಬಂದು ಒಣ ಕಡ್ಡಿ ಕೀಳಲಾ ಅಪ್ಪ ಅಂದ, ಕಂಬಕ್ಕೂ ನೀಲಿ ಹೊಡೆದುಬಿಡೋಣ್ವಾ. ಮುಟ್ಟಬೇಡ ಅಂದೆ. ಬುಡದಲ್ಲಿ ಹೊಸ ಎಲೆ ಎದ್ದಿದೆ, ನಾಣ್ಯದಗಲ, ದೊರಗು. ಕಾರು ಹೋಯಿತು, ಅನಿಪಾ ಹೋದಳು, ದಿಂಬೂ ಹೋಯಿತು, ಗುರುವಾರ, ಎಣ್ಣೆಯ ವಾಸನೆ ಇನ್ನೂ ಅಂಗಳದಲ್ಲಿದ್ದಾಗ, ಹಗ್ಗ ಅಂತ ಉಳಿದದ್ದು ಮೊಳಕಾಲೆತ್ತರದಲ್ಲಿ, ಹಸಿರಿನ ಮೇಲೆ, ಒಂದು ಗೇಣು, ಬೆಳ್ಳಿಯ ಗೆರೆ.